ಮೇಡಂ, ನಾನು ಅಂತರ್ಮುಖಿನಾ?

ನನ್ನೆದುರು ಕೂತು ಸ್ವಭಾವ ಅಳೆಯುವ ಪ್ರಶ್ನಾವಳಿ ತುಂಬುತ್ತಿದ್ದ ಯುವಕನೊಬ್ಬ ಒಂದು ಹೇಳಿಕೆಯ ಮುಂದೆ ಪೆನ್ನು ಹಿಡಿದು ಸುಮ್ಮನೆ ಕೂತುಬಿಟ್ಟ. ‘ಹೊಸಬರೊಡನೆ ಬೇಗ ಬೆರೆಯುತ್ತೇನೆ.’ ಪಕ್ಕದಲ್ಲಿ ಐದು ಚೌಕ. ‘ಸ್ವಲ್ಪವೂ ಒಪ್ಪುವುದಿಲ್ಲ’ದಿಂದ ‘ಪೂರ್ತಿ ಒಪ್ಪುತ್ತೇನೆ’ಯವರೆಗೆ. “ಮೇಡಂ, ಆಫೀಸಲ್ಲಾದ್ರೆ ಹೌದು, ನೆಂಟರ ಮಧ್ಯೆ ಮಾತೇ ಬರಲ್ಲ. ಯಾವುದಕ್ಕೆ ಟಿಕ್ ಮಾಡ್ಲಿ?”

ಅವನು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. 1968ರಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಷೆಲ್ ಇದನ್ನೇ ಎತ್ತಿ ವ್ಯಕ್ತಿತ್ವ ಮನೋವಿಜ್ಞಾನದ ಬುಡ ಅಲ್ಲಾಡಿಸಿದ್ದರು. ಪರೀಕ್ಷೆಯ ಅಂಕಕ್ಕೂ ಯಾವುದೋ ಒಂದು ಸಂದರ್ಭದ ನಡವಳಿಕೆಗೂ ಇರುವ ಸಹಸಂಬಂಧ (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು) ಸಾಮಾನ್ಯವಾಗಿ 0.30 ದಾಟುವುದಿಲ್ಲ ಎಂದರು. ಆದರೆ ಒಂದು ದಿನದ್ದನ್ನು ಬಿಟ್ಟು ಹಲವು ದಿನಗಳ ನಡವಳಿಕೆಯನ್ನು ಕೂಡಿಸಿ ನೋಡಿದರೆ ಸ್ವಭಾವ ಎದ್ದು ಕಾಣುತ್ತದೆ. ಪ್ರಶ್ನಾವಳಿಗಳು ಉದ್ದವಾಗಿರುವುದೂ ಅದಕ್ಕೇ. ಐದು ಮುಖ್ಯ ಗುಣಗಳನ್ನು ಅಳೆಯುವ ನಿಯೋ ಪಿಐ-ಆರ್ ಎಂಬ ಪ್ರಶ್ನಾವಳಿಯಲ್ಲಿ 240 ಹೇಳಿಕೆಗಳಿವೆ, ಗುಣವೊಂದಕ್ಕೆ 48. ಕೆಲವನ್ನು ಬೇಕೆಂದೇ ಉಲ್ಟಾ ಬರೆದಿರುತ್ತಾರೆ. ಎಲ್ಲಕ್ಕೂ ‘ಹೌದು’ ಎನ್ನುವ ಅಭ್ಯಾಸ ಅಂಕವನ್ನು ಉಬ್ಬಿಸಬಾರದು.

ಇಷ್ಟಾದ ಮೇಲೂ ‘ನಾನು ಅಂತರ್ಮುಖಿನಾ, ಬಹಿರ್ಮುಖಿನಾ’ ಎಂಬುದಕ್ಕೆ ಒಂದೇ ಪದದ ಉತ್ತರ ಕೊಡಲು ನನಗೆ ಮನಸ್ಸಾಗುವುದಿಲ್ಲ. ಸ್ವಭಾವ ಎತ್ತರದ ಹಾಗೆ. ಕುಳ್ಳರು, ಉದ್ದನೆಯವರು ಎಂಬ ಎರಡೇ ಗುಂಪು ಎಲ್ಲಿದೆ? ಹೆಚ್ಚಿನವರು ನಡುವೆಯೇ ಇರುತ್ತಾರೆ. ಅಂಕಕ್ಕೆ ಅರ್ಥ ಬರುವುದೂ ಅದೇ ವಯಸ್ಸಿನ, ಅದೇ ಭಾಷೆಯ ಬಹಳಷ್ಟು ಜನರ ಅಂಕಗಳ ಪಕ್ಕ ಇಟ್ಟಾಗ. ಬೇರೆ ಕಡೆಯ ಪರೀಕ್ಷೆಯನ್ನು ಅನುವಾದಿಸಿ, ಇಲ್ಲಿನವರ ಮೇಲೆ ಒರೆಗೆ ಹಚ್ಚದೆ ಬಳಸಿದರೆ ನನಗೆ ನಿಜಕ್ಕೂ ನೋವಾಗುತ್ತದೆ. ಅಂಥ ಪರೀಕ್ಷೆಯ ಫಲಿತಾಂಶದ ಹಾಳೆ ನಂಬಿ ಓದು ಬದಲಿಸಿದವರನ್ನು ಕಂಡಿದ್ದೇನೆ.

“ಆನ್‌ಲೈನ್ ಟೆಸ್ಟ್ ನನ್ನ ಬಗ್ಗೆ ಸರಿಯಾಗೇ ಹೇಳ್ತಲ್ಲ” ಎನ್ನುವವರಿಗೆ ನಾನು ಮನೋವಿಜ್ಞಾನಿ ಬರ್ಟ್ರಮ್ ಫೋರರ್ 1949ರಲ್ಲಿ ಪ್ರಕಟಿಸಿದ ಪ್ರಯೋಗ ಹೇಳುತ್ತೇನೆ. ಪರೀಕ್ಷೆ ಮಾಡಿ, 39 ವಿದ್ಯಾರ್ಥಿಗಳಿಗೂ ‘ಇದು ನಿನ್ನದೇ’ ಎಂದು ಒಂದೇ ವಿವರಣೆ ಕೊಟ್ಟರು. ಅದರ ನಿಖರತೆಗೆ ವಿದ್ಯಾರ್ಥಿಗಳು ಕೊಟ್ಟ ಸರಾಸರಿ ಅಂಕ ಐದಕ್ಕೆ 4.26.

ಆ ಯುವಕನಿಗೆ, “ಹೆಚ್ಚಿನ ದಿನ ಹೇಗಿರ್ತೀಯೋ ಅದಕ್ಕೆ ಟಿಕ್ ಮಾಡಪ್ಪ” ಎಂದೆ. ಅವನ ಬಗ್ಗೆಯೇ ತುಂಬಿಕೊಡಲೆಂದು ಇನ್ನೊಂದು ಪ್ರತಿಯನ್ನು ಅವನ ಅಕ್ಕನಿಗೂ ಕಳಿಸಿದೆ. ಒಳಗಿನ ಆತಂಕ ಅವರವರಿಗೇ ಚೆನ್ನಾಗಿ ಗೊತ್ತು, ಹೊರಗೆ ಕಾಣುವ ಗುಣ ಜೊತೆಗಿದ್ದವರಿಗೂ ಗೊತ್ತು. ಮುಂದಿನ ವಾರ ಎರಡೂ ಹಾಳೆ ಅಕ್ಕಪಕ್ಕ ಇಟ್ಟೆವು. ಹೊಸಬರ ಹೇಳಿಕೆಗೆ ಇಬ್ಬರೂ ನಡುವಿನ ಚೌಕಕ್ಕೇ ಟಿಕ್ ಹಾಕಿದ್ದರು. ಆತಂಕದ ಹೇಳಿಕೆಗಳಲ್ಲಿ ಮಾತ್ರ ಅವನ ಗುರುತುಗಳೆಲ್ಲ ಬಲತುದಿಯಲ್ಲಿ, ಅಕ್ಕನವು ಎಡಕ್ಕೆ. ಅವನು ಆ ಹಾಳೆಯನ್ನೇ ನೋಡುತ್ತಾ, “ಅಕ್ಕನಿಗೆ ಗೊತ್ತೇ ಇಲ್ಲ” ಎಂದ. ನಮ್ಮ ಮಾತು ಶುರುವಾದದ್ದು ಅಲ್ಲಿಂದ.