ಇಮ್ಯುನೊಥೆರಪಿ ಎಂದರೆ ಇಮ್ಯುನಿಟಿ ಹೆಚ್ಚಿಸುವುದು ತಾನೇ?

ಪ್ರಶ್ನೆ: ಕ್ಯಾನ್ಸರಿಗೆ ಕೊಡುವ ಇಮ್ಯುನೊಥೆರಪಿ ಎಂದರೆ ನಮ್ಮದೇ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವುದು ತಾನೇ? ಹಾಗಿದ್ದರೆ ಲಕ್ಷಗಟ್ಟಲೆ ಸುರಿಯುವ ಬದಲು ಅಮೃತಬಳ್ಳಿ ಕಷಾಯ ಕುಡಿದರೆ ಸಾಲದೇ?

ಉತ್ತರ: ಸಾಲದು. ಪ್ರಶ್ನೆಯ ಮೊದಲ ಅರ್ಧವೇ ತಪ್ಪು.

ಕೊರೊನಾ ಬಂದುಹೋದ ಮೇಲೆ ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ಒಮ್ಮೆ ಕಷಾಯ, ಒಮ್ಮೆ ಅರಿಶಿನದ ಮಾತ್ರೆ, ಇನ್ನೊಮ್ಮೆ ಪೊಟ್ಟಣದ ಮೇಲೆ ‘ಇಮ್ಯುನಿಟಿ’ ಎಂದು ಅಚ್ಚು ಹಾಕಿಸಿಕೊಂಡ ಯಾವುದೋ ಪುಡಿ. ಬರೀ ‘ಅಲ್ಲ’ ಎಂದು ಬರೆದು ಕೈ ಸೋತಿದೆ. ಆದ್ದರಿಂದ ಈ ಸಲ ಈ ಚಿಕಿತ್ಸೆಗೆ ದಾರಿ ತೋರಿದ ಅಮೆರಿಕದ ವಿಜ್ಞಾನಿ ಜೇಮ್ಸ್ ಆಲಿಸನ್ ಅವರ ಕಥೆಯನ್ನೇ ಹೇಳುತ್ತೇನೆ.

ಆಲಿಸನ್ ಟೆಕ್ಸಸ್‌ನ ಆಲಿಸ್ ಎಂಬ ಸಣ್ಣ ಊರಿನವರು, ಹುಟ್ಟಿದ್ದು 1948ರಲ್ಲಿ. ಚಿಕ್ಕಂದಿನಲ್ಲೇ ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡರು. ಆದರೂ ಅವರು ಹಿಡಿದ ದಾರಿ ಔಷಧದ್ದಲ್ಲ. ರೋಗಕಾರಕಗಳೊಡನೆ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಒಂದಾದ ಟಿ ಕೋಶ ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲದ್ದು. ಟಿ ಕೋಶ ತನ್ನ ವೈರಿಯನ್ನು ಗುರುತಿಸುವ ಗ್ರಾಹಕ ಪ್ರೋಟೀನನ್ನು 1982ರಲ್ಲಿ ಪತ್ತೆಹಚ್ಚಿದವರಲ್ಲಿ ಅವರೂ ಒಬ್ಬರು. ಗುರುತಿಸಿದರಷ್ಟೇ ಸಾಲದು, ಸಿಡಿ28 ಎಂಬ ಇನ್ನೊಂದು ಅಣುವಿನಿಂದಲೂ ಸೂಚನೆ ಬಂದರೆ ಮಾತ್ರ ಕೋಶ ಹೊರಡುತ್ತದೆ ಎಂಬುದು ಆಮೇಲೆ ತಿಳಿಯಿತು. ಅದನ್ನು ಬಂಡಿಯ ಆಕ್ಸಿಲರೇಟರ್ ಎನ್ನೋಣ.

ಸಿಡಿ28ನ್ನು ಹೋಲುವ ಸಿಟಿಎಲ್‌ಎ-4 ಎಂಬ ಅಣುವನ್ನು ಫ್ರಾನ್ಸಿನ ವಿಜ್ಞಾನಿಗಳು 1987ರಲ್ಲಿ ಗುರುತಿಸಿದ್ದರು. ಇದೂ ಆಕ್ಸಿಲರೇಟರೇ ಇರಬೇಕೆಂದು ಕೆಲವು ಪ್ರಯೋಗಾಲಯಗಳು ಬಗೆದವು. ಗಮನಿಸಿ, ‘ಹೆಚ್ಚಿಸಿದರೆ ಆಯಿತು’ ಎಂಬ ಭ್ರಮೆ ಕಷಾಯದವರಿಗೆ ಮಾತ್ರ ಇದ್ದದ್ದಲ್ಲ. ಈ ಅಣು ಆಕ್ಸಿಲರೇಟರ್ ಅಲ್ಲ, ಟಿ ಕೋಶವನ್ನು ತಡೆಯುವ ಬ್ರೇಕ್ ಎಂದು 1995ರ ಹೊತ್ತಿಗೆ ತೋರಿಸಿಕೊಟ್ಟವರು ಆಲಿಸನ್ ಮತ್ತು ಜೆಫ್ರಿ ಬ್ಲೂಸ್ಟೋನ್ ಅವರ ತಂಡಗಳು.

ಮಿಕ್ಕವರು ಈ ಬ್ರೇಕನ್ನು ಒತ್ತಿ ಹಿಡಿಯುವ ಉಪಾಯ ಹುಡುಕುತ್ತಿದ್ದಾಗ ಆಲಿಸನ್ ಅದನ್ನು ಸಡಿಲಿಸಿ ನೋಡಿದರು. 1994ರ ಕೊನೆಯಲ್ಲಿ, ಬರ್ಕ್ಲಿಯಲ್ಲಿ, ಅವರ ಸಹೋದ್ಯೋಗಿ ಡಾನಾ ಲೀಚ್ ಗಡ್ಡೆಯಿದ್ದ ಇಲಿಗಳಿಗೆ ಸಿಟಿಎಲ್‌ಎ-4ನ್ನು ತಡೆಯುವ ಪ್ರತಿಕಾಯವನ್ನು, ಅಂದರೆ ಆ ಅಣುವಿಗೆ ಅಂಟಿಕೊಳ್ಳುವ ಪ್ರೋಟೀನನ್ನು, ಚುಚ್ಚಿದರು. ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿತ್ತು. ಕ್ರಿಸ್‌ಮಸ್ ರಜೆಯಲ್ಲಿ ಅದನ್ನೇ ಮತ್ತೊಮ್ಮೆ ಮಾಡಿದಾಗ, ಯಾವ ಪಂಜರದ ಇಲಿಗೆ ಏನು ಕೊಟ್ಟಿದೆ ಎಂಬುದು ತಿಳಿಯದಂತೆ ಆಲಿಸನ್ ತಾವೇ ಗಡ್ಡೆ ಅಳೆಯುತ್ತಾ ಕುಳಿತರು. ಮೊದಮೊದಲು ಎಲ್ಲ ಗಡ್ಡೆಗಳೂ ಬೆಳೆದವು. ಆಮೇಲೆ ಕೆಲವು ಪಂಜರಗಳಲ್ಲಿ ಬೆಳವಣಿಗೆ ನಿಂತು, ಗಡ್ಡೆ ಕರಗತೊಡಗಿತು. ಅವು ಪ್ರತಿಕಾಯ ಪಡೆದ ಇಲಿಗಳು. ಇಲ್ಲಿ ಹೇಳುತ್ತಿರುವ ಇಮ್ಯುನೊಥೆರಪಿ ಎಂದರೆ ಇದೇ: ಶಕ್ತಿ ಹೆಚ್ಚಿಸುವುದಲ್ಲ, ಬ್ರೇಕ್ ಸಡಿಲಿಸುವುದು.

ಈಗ ಕಷಾಯದ ಮಾತು. ಎಲ್ಲ ಕೋಶಗಳ ಕಸುವನ್ನೂ ಒಟ್ಟಿಗೆ ಏರಿಸುವ ಒಂದೇ ಗುಂಡಿ ದೇಹದಲ್ಲಿ ಇಲ್ಲ. ಇದ್ದಿದ್ದರೆ ಅದನ್ನು ಒತ್ತಬಾರದಿತ್ತು. ಹುಟ್ಟಿನಿಂದಲೇ ಸಿಟಿಎಲ್‌ಎ-4 ಇಲ್ಲದ ಇಲಿಗಳನ್ನು 1995ರಲ್ಲಿ ಸಿದ್ಧಪಡಿಸಿದರು. ಜಾಹೀರಾತಿನ ಭಾಷೆಯಲ್ಲಿ ಹೇಳುವುದಾದರೆ ಅವುಗಳ ‘ಇಮ್ಯುನಿಟಿ’ ಅಪಾರ. ಅವು ಮೂರು ನಾಲ್ಕು ವಾರಗಳಲ್ಲಿ ಸತ್ತವು. ಅಂಕೆ ತಪ್ಪಿದ ಟಿ ಕೋಶಗಳು ಹೃದಯವನ್ನೂ ಮೇದೋಜೀರಕ ಗ್ರಂಥಿಯನ್ನೂ ಹೊಕ್ಕು ಹಾಳುಮಾಡಿದ್ದವು. ರುಮಟಾಯ್ಡ್ ಸಂಧಿವಾತ, ಟೈಪ್ 1 ಮಧುಮೇಹಗಳಲ್ಲಿ ಪೀಡಿಸುವುದೂ ನಮ್ಮ ಮೇಲೆಯೇ ತಿರುಗಿಬಿದ್ದ ರೋಗನಿರೋಧಕ ವ್ಯವಸ್ಥೆಯೇ. ಇಮ್ಯುನೊಥೆರಪಿ ಪಡೆದವರಿಗೆ ವಿಪರೀತ ಬೇಧಿಯಾಗುವುದು, ಯಕೃತ್ತು ಊದಿಕೊಳ್ಳುವುದು, ಥೈರಾಯ್ಡ್ ಕೆಡುವುದು ಇದೇ ಕಾರಣಕ್ಕೆ. ಆಗ ವೈದ್ಯರು ಕೊಡುವುದೇನು? ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್! ಇದನ್ನು ಓದಿದ ಮೇಲೂ ‘ಹೆಚ್ಚಿಸಿದರೆ ಒಳ್ಳೆಯದಲ್ಲವೇ ಸಾರ್’ ಎನ್ನುವವರಿಗೆ ನನ್ನಲ್ಲಿ ಬೇರೆ ಉತ್ತರವಿಲ್ಲ. ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ಪ್ರಕಟಿಸಿದ್ದಾರೆ. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ಅದೇನೇ ಇರಲಿ, ಈ ಚಿಕಿತ್ಸೆಯಲ್ಲಿರುವವರು ಯಾವ ಬೇರು ಸೊಪ್ಪು ಸೇವಿಸುತ್ತಿದ್ದರೂ ವೈದ್ಯರಿಂದ ಮುಚ್ಚಿಡಬೇಡಿ.

ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದವಾಗಿತ್ತು. ಔಷಧ ಕಂಪನಿಗಳು ಬಾಗಿಲು ತೆರೆಯಲಿಲ್ಲ. ಕೊನೆಗೆ ಒಪ್ಪಿದ್ದು ಮೆಡಾರೆಕ್ಸ್ ಎಂಬ ಚಿಕ್ಕ ಕಂಪನಿ. ಮನುಷ್ಯರಿಗೆಂದು ಸಿದ್ಧವಾದ ಅಂಥ ಪ್ರತಿಕಾಯ, ಅಂದರೆ ಇಪಿಲಿಮುಮ್ಯಾಬ್, ಹರಡಿದ ಮೆಲನೋಮಕ್ಕೆ (ಒಂದು ಬಗೆಯ ಚರ್ಮದ ಕ್ಯಾನ್ಸರಿಗೆ) ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2011ರಲ್ಲಿ. ಎಲ್ಲರಿಗೂ ಗುಣವಾಗಲಿಲ್ಲ. ಸುಮಾರು ಐವರಲ್ಲಿ ಒಬ್ಬರು ಮೂರು ವರ್ಷ ದಾಟಿದರು, ಹಾಗೆ ದಾಟಿದವರಲ್ಲಿ ಬಹಳಷ್ಟು ಮಂದಿ ಆಮೇಲೂ ವರ್ಷಗಟ್ಟಲೆ ಉಳಿದರು. 2018ರಲ್ಲಿ ಆಲಿಸನ್ ಅವರಿಗೆ ನೊಬೆಲ್ ಬಂತು, ಪಿಡಿ-1 ಎಂಬ ಇನ್ನೊಂದು ಬ್ರೇಕ್ ಕಂಡುಹಿಡಿದ ಜಪಾನಿನ ತಸುಕು ಹೊಂಜೊ ಅವರ ಜೊತೆಗೆ.

ಯಾರೂ ಕೇಳದಿದ್ದರೂ ಒಂದು ವಿಷಯ ಹೇಳಬೇಕೆನಿಸುತ್ತದೆ. ಈ ಔಷಧ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ? ಕೀಮೋಥೆರಪಿಗೆ ಗಡ್ಡೆ ಕೆಲವು ವಾರಗಳಲ್ಲಿ ಕುಗ್ಗಬೇಕು, ಹಿಗ್ಗಿದರೆ ಸೋಲು. ಇಲ್ಲಿ ಟಿ ಕೋಶಗಳು ಒಳಗೆ ನುಗ್ಗಿದ್ದರಿಂದಲೇ ಗಡ್ಡೆ ಮೊದಲು ಊದಿ, ತಿಂಗಳುಗಳ ನಂತರ ಇಳಿಯುವುದುಂಟು. ಅದಕ್ಕೇ ಇಪಿಲಿಮುಮ್ಯಾಬ್ ಪ್ರಯೋಗದ ಗುರಿಯನ್ನು ನಡುವಿನಲ್ಲೇ ಬದಲಿಸಿ, ಗಡ್ಡೆಯ ಅಳತೆಯ ಬದಲು ರೋಗಿ ಎಷ್ಟು ಕಾಲ ಬದುಕಿದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರು. ಸಿಟಿಎಲ್‌ಎ-4ನ್ನೇ ತಡೆಯುವ ಫೈಜರ್‌ನ ಟ್ರೆಮೆಲಿಮುಮ್ಯಾಬ್‌ಗೆ ಆ ಅದೃಷ್ಟವಿರಲಿಲ್ಲ. ಮಧ್ಯಂತರ ಲೆಕ್ಕದಲ್ಲಿ ಕೀಮೋಥೆರಪಿಗಿಂತ ಮೇಲುಗೈ ಕಾಣಲಿಲ್ಲವೆಂದು 2008ರಲ್ಲಿ ಅದರ ಮೆಲನೋಮ ಪ್ರಯೋಗವನ್ನು ನಿಲ್ಲಿಸಿದರು. ಯಕೃತ್ತಿನ ಕ್ಯಾನ್ಸರಿಗೆ, ಇನ್ನೊಂದು ಪ್ರತಿಕಾಯದ ಜೊತೆಯಲ್ಲಿ, ಅದು ಒಪ್ಪಿಗೆ ಪಡೆದದ್ದು 2022ರಲ್ಲಿ. ಅಷ್ಟರಲ್ಲಿ ಅದು ಆಸ್ಟ್ರಾಝೆನೆಕಾದ ಕೈ ಸೇರಿತ್ತು.