ಪ್ರೀಕಂಡಿಷನರ್: ಸಮಾಂತರ ಗಣನೆಯಲ್ಲಿ ಅದರ ಆಯ್ಕೆ

ಉಷ್ಣದ ಹರಿವು, ದ್ರವದ ಚಲನೆ, ಕಟ್ಟಡದ ಮೇಲಿನ ಒತ್ತಡ ಇಂಥವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಹೊರಟರೆ, ಕೊನೆಗೆ ಬಿಡಿಸಬೇಕಾಗುವುದು ಲಕ್ಷ ಅಥವಾ ಕೋಟಿಗಟ್ಟಲೆ ಚರಾಕ್ಷರಗಳಿರುವ ರೇಖೀಯ ಸಮೀಕರಣಗಳನ್ನು. ಇವುಗಳ ಗುಣಕಗಳನ್ನು ಸಾಲು ಸಾಲಾಗಿ ಜೋಡಿಸಿದ ಮಾತೃಕೆಯಲ್ಲಿ ಪ್ರತಿ ಸಾಲಿಗೆ ಬೆರಳೆಣಿಕೆಯ ಸಂಖ್ಯೆಗಳಿದ್ದು ಉಳಿದುದೆಲ್ಲ ಸೊನ್ನೆಯಾಗಿರುವುದರಿಂದ ಇದನ್ನು ವಿರಳ ಮಾತೃಕೆ ಎನ್ನುತ್ತಾರೆ. ನೇರವಾಗಿ ಬಿಡಿಸುತ್ತ ಹೋದರೆ ಸೊನ್ನೆಗಳಿದ್ದ ಜಾಗಗಳು ತುಂಬಿಕೊಂಡು ಮೆಮೊರಿ ಸಾಲದಾಗುತ್ತದೆ. ಆದ್ದರಿಂದ ಒಂದು ಅಂದಾಜು ಉತ್ತರವನ್ನು ಸುತ್ತು ಸುತ್ತಾಗಿ ತಿದ್ದುತ್ತ ಹೋಗುವ ಕಾಂಜುಗೇಟ್ ಗ್ರೇಡಿಯಂಟ್ (1952), ಜಿಎಂರೆಸ್ (1986) ಮೊದಲಾದ ವಿಧಾನಗಳನ್ನು ಬಳಸುತ್ತಾರೆ.

ಮೂಲ ಮಾತೃಕೆಯನ್ನು ಸ್ಥೂಲವಾಗಿ ಹೋಲುವ, ಆದರೆ ಅದಕ್ಕಿಂತ ಬಹಳ ಸುಲಭವಾಗಿ ಬಿಡಿಸಬಹುದಾದ ಇನ್ನೊಂದು ಮಾತೃಕೆಯ ಮೂಲಕ ಪ್ರತಿ ಸುತ್ತಿನಲ್ಲೂ ಉಳಿದ ದೋಷವನ್ನು ಹಾಯಿಸಿ, ಸುತ್ತುಗಳ ಸಂಖ್ಯೆಯನ್ನು ತಗ್ಗಿಸುವ ಸಾಧನವೇ ಪ್ರೀಕಂಡಿಷನರ್. ಅದು ಮೂಲವನ್ನು ಹೆಚ್ಚು ಹೋಲಿದಷ್ಟೂ ಸುತ್ತುಗಳು ಕಡಿಮೆ, ಆದರೆ ಪ್ರತಿ ಸುತ್ತಿನ ಖರ್ಚು ಹೆಚ್ಚು. ಸಾವಿರಾರು ಪ್ರೊಸೆಸರುಗಳು ಒಟ್ಟಿಗೆ ದುಡಿಯುವಲ್ಲಿ ಇದಕ್ಕೆ ಇನ್ನೊಂದು ಪ್ರಶ್ನೆ ಸೇರುತ್ತದೆ: ಪ್ರೀಕಂಡಿಷನರಿನ ಕೆಲಸವನ್ನು ಎಲ್ಲರೂ ಏಕಕಾಲಕ್ಕೆ ಮಾಡಬಹುದೇ, ಇಲ್ಲವೇ ಒಬ್ಬರಿಗಾಗಿ ಒಬ್ಬರು ಕಾಯಬೇಕೇ?

ಉದಾಹರಣೆಗೆ, ಉಷ್ಣದ ಹಂಚಿಕೆಯಂಥ ಲೆಕ್ಕಗಳಲ್ಲಿ ಬರುವ ಪಾಯ್ಸನ್ ಸಮೀಕರಣವನ್ನು ಒಂದು ಚೌಕದ ಮೇಲೆ 1000 × 1000 ಬಿಂದುಗಳ ಜಾಲದಲ್ಲಿ, ಪ್ರತಿ ಬಿಂದುವನ್ನು ಅದರ ನಾಲ್ಕು ನೆರೆಬಿಂದುಗಳಿಗೆ ಜೋಡಿಸಿ ಬರೆದಿದ್ದೇವೆ ಎಂದುಕೊಳ್ಳೋಣ. ಚರಾಕ್ಷರಗಳು ಹತ್ತು ಲಕ್ಷ. ಮಾತೃಕೆಯನ್ನು ಸುತ್ತು ಸುತ್ತಾಗಿ ಬಿಡಿಸುವುದು ಎಷ್ಟು ಕಷ್ಟ ಎಂಬುದನ್ನು ಸೂಚಿಸುವ ಕಂಡಿಷನ್ ನಂಬರ್ ಸುಮಾರು ನಾಲ್ಕು ಲಕ್ಷ. ಕಾಂಜುಗೇಟ್ ಗ್ರೇಡಿಯಂಟಿಗೆ ಬೇಕಾಗುವ ಸುತ್ತುಗಳು ಹೆಚ್ಚುಕಡಿಮೆ ಇದರ ವರ್ಗಮೂಲದ ಅನುಪಾತದಲ್ಲಿ ಏರುವುದರಿಂದ, ಜಾಲವನ್ನು ಪ್ರತಿ ದಿಕ್ಕಿನಲ್ಲೂ ಎರಡು ಪಟ್ಟು ಸೂಕ್ಷ್ಮಗೊಳಿಸಿದರೆ ಸುತ್ತುಗಳೂ ಎರಡು ಪಟ್ಟಾಗುತ್ತವೆ. ಮಾತೃಕೆಯ ಕರ್ಣದ ಸಂಖ್ಯೆಗಳಿಂದ ಭಾಗಿಸುವ ಯಾಕೋಬಿ ಪ್ರೀಕಂಡಿಷನರ್ ಸಮಾಂತರ ಗಣನೆಗೆ ಹೇಳಿ ಮಾಡಿಸಿದಂತಿದ್ದರೂ ಇಲ್ಲಿ ಕರ್ಣದ ತುಂಬ ಒಂದೇ ಸಂಖ್ಯೆ ಇರುವುದರಿಂದ ಏನೂ ಬದಲಾಗುವುದಿಲ್ಲ. ವಸ್ತುವಿನ ಗುಣ ಜಾಗದಿಂದ ಜಾಗಕ್ಕೆ ತೀರ ಬೇರೆಯಾಗಿರುವ ಲೆಕ್ಕಗಳಲ್ಲಾದರೆ ಅದರಿಂದ ನಿಜವಾದ ಲಾಭವಿದೆ.

ಸೊನ್ನೆಯ ಜಾಗಗಳನ್ನು ತುಂಬಲು ಬಿಡದೆ ಮಾತೃಕೆಯನ್ನು ಅಪವರ್ತಿಸುವ, ಅಂದರೆ ಸುಲಭವಾಗಿ ಬಿಡಿಸಬಹುದಾದ ಎರಡು ಮಾತೃಕೆಗಳ ಗುಣಲಬ್ಧವಾಗಿ ಅಂದಾಜಿಗೆ ಒಡೆಯುವ, ಅಪೂರ್ಣ ಚೊಲೆಸ್ಕಿ ವಿಧಾನ 1977ರಲ್ಲಿ ಹೆಸರಾಯಿತು. ಒಂದೇ ಪ್ರೊಸೆಸರಿನಲ್ಲಿ ಅದು ಇಂದಿಗೂ ಒಳ್ಳೆಯ ಆಯ್ಕೆ. ಆದರೆ ಅದನ್ನು ಬಳಸುವಾಗ ಪ್ರತಿ ಬಿಂದುವೂ ತನ್ನ ಎಡಗಡೆಯ ಮತ್ತು ಕೆಳಗಿನ ಬಿಂದುಗಳ ಉತ್ತರಕ್ಕಾಗಿ ಕಾಯಬೇಕು. ಒಂದೇ ಓರೆಗೆರೆಯ ಮೇಲಿರುವ ಬಿಂದುಗಳನ್ನಷ್ಟೇ ಒಟ್ಟಿಗೆ ಲೆಕ್ಕ ಹಾಕಬಹುದಾದ್ದರಿಂದ ನಮ್ಮ ಜಾಲದಲ್ಲಿ 1999 ಹಂತಗಳಾಗುತ್ತವೆ: ಮೊದಲ ಹಂತದಲ್ಲಿ ಒಂದೇ ಬಿಂದು, ನಡುವಿನಲ್ಲಿ ಸಾವಿರ, ಕೊನೆಯಲ್ಲಿ ಮತ್ತೆ ಒಂದು. ಸಾವಿರಾರು ಲೆಕ್ಕಗಳನ್ನು ಒಟ್ಟಿಗೆ ಮಾಡಬಲ್ಲ ಗ್ರಾಫಿಕ್ಸ್ ಪ್ರೊಸೆಸರಿನ (ಜಿಪಿಯು) ಬಹುಪಾಲು ಕೋರ್‌ಗಳು ಆಗ ಸುಮ್ಮನೆ ಕೂತಿರುತ್ತವೆ. ಬಿಂದುಗಳಿಗೆ ಚದುರಂಗದ ಮಣೆಯಂತೆ ಎರಡು ಬಣ್ಣ ಹಚ್ಚಿ ಕ್ರಮ ಬದಲಿಸಿದರೆ ಹಂತಗಳು ಎರಡಕ್ಕೆ ಇಳಿಯುತ್ತವೆ. ಅದರ ಬೆಲೆಯಾಗಿ ಸುತ್ತುಗಳು ಹೆಚ್ಚುತ್ತವೆ.

ಪ್ರತಿ ಪ್ರೊಸೆಸರ್ ತನ್ನ ಪಾಲಿನ ತುಂಡನ್ನು ಮಾತ್ರ ಅಪವರ್ತಿಸಿಕೊಳ್ಳುವ ಬ್ಲಾಕ್ ಯಾಕೋಬಿಯಲ್ಲಿ ಕಾಯುವ ಮಾತೇ ಇಲ್ಲ. ಇಂಥ ಸಮೀಕರಣಗಳನ್ನು ಬಿಡಿಸುವ ಪೆಟ್ಸಿ (PETSc) ತಂತ್ರಾಂಶ ಸಮಾಂತರ ಗಣನೆಯಲ್ಲಿ ತಾನಾಗಿ ಆರಿಸಿಕೊಳ್ಳುವುದೂ ಇದನ್ನೇ. ಆದರೆ ಪ್ರೊಸೆಸರುಗಳು ಹೆಚ್ಚಿದಂತೆ ತುಂಡುಗಳು ಕಿರಿದಾಗಿ ಸುತ್ತುಗಳು ಏರುತ್ತವೆ. ತುಂಡುಗಳ ಅಂಚುಗಳು ಒಂದರ ಮೇಲೊಂದು ಚಾಚಿರುವ ಶ್ವಾರ್ಟ್ಸ್ ವಿಧಾನ ಇದನ್ನು ತಕ್ಕಮಟ್ಟಿಗೆ ಸರಿಪಡಿಸಿದರೂ ಮೂಲ ತೊಡಕು ಹಾಗೆಯೇ ಉಳಿಯುತ್ತದೆ: ಒಂದು ಬಿಂದುವಿನ ಉತ್ತರ ಇಡೀ ಜಾಲವನ್ನು ಅವಲಂಬಿಸಿದೆ, ಮಾಹಿತಿಯಾದರೋ ಸುತ್ತಿಗೊಮ್ಮೆ ಪಕ್ಕದ ತುಂಡಿಗಷ್ಟೇ ದಾಟುತ್ತದೆ. ಹಾಗಾಗಿ ದೂರದ ತುಂಡುಗಳನ್ನು ಒಮ್ಮೆಗೇ ಬೆಸೆಯುವ, ಕೆಲವೇ ಬಿಂದುಗಳಿರುವ ಒಂದು ಒರಟು ಜಾಲ ಬೇಕೇ ಬೇಕು.

ಈ ಆಲೋಚನೆಯನ್ನು ಕೊನೆಯವರೆಗೂ ಒಯ್ದು, ಒಂದಕ್ಕಿಂತ ಒಂದು ಒರಟಾದ ಜಾಲಗಳನ್ನು ಮಟ್ಟ ಮಟ್ಟವಾಗಿ ಬಳಸುವುದು ಮಲ್ಟಿಗ್ರಿಡ್. ಪಾಯ್ಸನ್ ಮಾದರಿಯ ಲೆಕ್ಕಗಳಲ್ಲಿ ಜಾಲ ಎಷ್ಟೇ ಸೂಕ್ಷ್ಮವಾದರೂ ಸುತ್ತುಗಳು ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅಲ್ಲಿ ಬೇರೆಯದನ್ನು ಮೊದಲು ಪ್ರಯತ್ನಿಸಲು ಕಾರಣವೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಒರಟು ಮಟ್ಟಗಳಲ್ಲಿ ಪ್ರೊಸೆಸರುಗಳಿಗೆ ಲೆಕ್ಕಕ್ಕಿಂತ ಸಂದೇಶ ಕಳಿಸುವ ಕೆಲಸವೇ ಹೆಚ್ಚಾಗುತ್ತದೆ, ಈ ಮಟ್ಟಗಳನ್ನು ಕಟ್ಟಿಕೊಳ್ಳುವ ಸಿದ್ಧತೆಗೂ ಸಮಯ ಹಿಡಿಯುತ್ತದೆ. ಅಲ್ಲದೆ, ಹೆಲ್ಮ್‌ಹೋಲ್ಟ್ಸ್ ಸಮೀಕರಣದಂಥ ಅಲೆಯ ಲೆಕ್ಕಗಳಿಗೆ ಅದರ ಸಾಮಾನ್ಯ ರೂಪ ಒಗ್ಗುವುದಿಲ್ಲ.

ಮುಖ್ಯ ವಿಧಾನದೊಂದಿಗೆ ಹೊಂದಾಣಿಕೆಯನ್ನೂ ನೋಡಿಕೊಳ್ಳಬೇಕು. ಕಾಂಜುಗೇಟ್ ಗ್ರೇಡಿಯಂಟಿಗೆ ಸಮಮಿತವಾದ (ಕರ್ಣದ ಎರಡೂ ಬದಿ ಒಂದೇ ರೀತಿ ಇರುವ), ಧನನಿಶ್ಚಿತವಾದ (ಐಗನ್ ಮೌಲ್ಯಗಳೆಲ್ಲ ಸೊನ್ನೆಗಿಂತ ಹೆಚ್ಚಿರುವ) ಪ್ರೀಕಂಡಿಷನರೇ ಬೇಕು. ಇವೆಲ್ಲವನ್ನೂ ದಾಟಿ ಎರಡು ಪ್ರೀಕಂಡಿಷನರುಗಳು ಉಳಿದರೆ, ಹೋಲಿಸಬೇಕಾದ್ದು ಸುತ್ತುಗಳನ್ನಲ್ಲ, ಸಿದ್ಧತೆಯೂ ಸೇರಿದ ಒಟ್ಟು ಸಮಯವನ್ನು. ಅದೇ ಮಾತೃಕೆಯನ್ನು ನೂರಾರು ಬಾರಿ ಬಿಡಿಸುವುದಿದ್ದರೆ ದುಬಾರಿ ಸಿದ್ಧತೆಯೂ ಹಂಚಿಹೋಗಿ ಅಗ್ಗವಾಗುತ್ತದೆ. ಈ ಅಳತೆಯನ್ನು ಕೊನೆಗೆ ಓಡಿಸಲಿರುವಷ್ಟೇ ಪ್ರೊಸೆಸರುಗಳಲ್ಲಿ ಮಾಡಬೇಕು, ಏಕೆಂದರೆ 16 ಪ್ರೊಸೆಸರುಗಳಲ್ಲಿ ಬ್ಲಾಕ್ ಯಾಕೋಬಿ ಗೆದ್ದರೂ 4096ರಲ್ಲಿ ಅದೇ ಲೆಕ್ಕ ತಿರುವುಮುರುವಾಗಬಹುದು.