ಹೊಲದೊಳಗಿನ ಹಳ್ಳ ಎಲ್ಲಿಂದ ಎಲ್ಲಿವರೆಗೆ?

ಎನ್‌ಎ, ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಬದಲಾಯಿಸುವುದು, ಮಾಡಿಸಬೇಕು ಅಂತ ಬರುವವರಿಗೆ ಹಳ್ಳದ ವಿಷಯ ಕೇಳಿದರೆ ಒಂದೇ ಉತ್ತರ: "ಸಣ್ಣ ನಾಲಾ ಐತ್ರಿ, ಮಳಿಗಾಲ ಬಿಟ್ರ ಒಣಗೇ ಇರ್ತೈತಿ." ಒಣಗಿದ್ದರೂ ಅದು ಹಳ್ಳವೇ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 67ನೇ ಕಲಂ ಹೊಳೆ, ಹಳ್ಳ, ನಾಲಾಗಳನ್ನು ಸರ್ಕಾರದ ಸ್ವತ್ತು ಅನ್ನುತ್ತದೆ. ವರ್ಷವಿಡೀ ನೀರಿರಬೇಕು ಎಂಬ ಷರತ್ತು ಅಲ್ಲಿಲ್ಲ.

ಹಾಗಾಗಿ ಮೊದಲು ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿಟ್ಟ ದಾಖಲೆ) ತೆಗೆದು ಖರಾಬು, ಅಂದರೆ ಕಂದಾಯ ಹಾಕದ ಜಾಗದ, ಕಾಲಂ ನೋಡಿ. 'ಅ' ಖರಾಬು ಅಂದರೆ ಸಾಗುವಳಿಗೆ ಬಾರದ ಜಾಗ. 'ಬ' ಖರಾಬು ಊರವರೆಲ್ಲ ಬಳಸುವ ದಾರಿ, ಕೆರೆ, ಹಳ್ಳ. ಪಹಣಿ ನಿಮ್ಮ ಹೆಸರಲ್ಲಿದ್ದರೂ 'ಬ' ಖರಾಬಿನ ಗುಂಟೆಗಳನ್ನು ಪ್ಲಾಟ್ ಮಾಡಿ ಮಾರಲು ಬರುವುದಿಲ್ಲ. ದೊಡ್ಡ ಹೊಳೆಗಳಂತೂ ಸಾಮಾನ್ಯವಾಗಿ ಸರ್ವೆ ನಂಬರಿನ ಹೊರಗೇ ಇರುತ್ತವೆ.

ಎಷ್ಟು ಗುಂಟೆ ಅನ್ನುವುದು ಹೀಗೆ ಸಿಗುತ್ತದೆ. ಎಲ್ಲಿ ಅನ್ನುವುದೇ ಕಷ್ಟ. ಗ್ರಾಮ ನಕಾಶೆಯ ಮೇಲೆ ಸ್ಕೇಲ್ ಇಟ್ಟು ಜಗಳ ಆಡುವವರನ್ನು ತುಂಬಾ ನೋಡಿದ್ದೇನೆ. 1:7920 ಅಳತೆಯ ನಕಾಶೆಯಲ್ಲಿ ಒಂದು ಇಂಚು ಅಂದರೆ ನೆಲದ ಮೇಲೆ 660 ಅಡಿ. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ 13 ಅಡಿ ನುಂಗುತ್ತದೆ! ಅದಕ್ಕೇ ಅಳತೆ ಮಾಡುವ ನಾವು ಟಿಪ್ಪಣಿ, ಅಂದರೆ ಮೂಲ ಸರ್ವೆಯ ಕೈನಕ್ಷೆ, ಕೇಳುವುದು. ಚೈನು ಹಿಡಿದು ಅಳೆದ ಅಂಕಿಗಳು ಇರುವುದು ಅದರಲ್ಲಿ. ಮುಂಬೈ ಪ್ರಾಂತ್ಯದ ಕಾಲದ ಅಳತೆಯಾದ್ದರಿಂದ ನಮ್ಮ ಕಡೆ ಚೈನು 33 ಅಡಿ, ಅದರ 16 ಪಾಲಿಗೆ 16 ಆಣೆ. ಇದನ್ನು ಮರೆತು 66 ಅಡಿ ಹಿಡಿದರೆ ಹಳ್ಳ ಪಕ್ಕದವನ ಹೊಲಕ್ಕೆ ಹಾರುತ್ತದೆ. ಮೊಬೈಲಿನ ದಿಶಾಂಕ್ ಆ್ಯಪ್ ಸರ್ವೆ ನಂಬರ್ ತಿಳಿಯಲು ಒಳ್ಳೆಯದು, ಕಲ್ಲು ನೆಡಲು ಅಲ್ಲ.

ಆಮೇಲೆ ನೆಲ. ಪ್ರತಿ ಮಳೆಗಾಲ ಹೊಸ ರಾಡಿ ಕೂರುವ ಮಟ್ಟ, ಮಣ್ಣು ಕೊಚ್ಚಿ ಬೇರು ಹೊರಬಿದ್ದ ಜಾಲಿ, ಅದರ ಮೇಲೆ ಗಟ್ಟಿ ಹುಲ್ಲು ಶುರುವಾಗುವ ಜಾಗ: ದಂಡೆಯ ಅಂಚು ಹೆಚ್ಚಾಗಿ ಅಲ್ಲೇ. 2019ರ ಮಹಾಪೂರದಲ್ಲಿ ಕಸ ಎಲ್ಲಿವರೆಗೆ ಬಂದಿತ್ತೋ ಅದು ಹೊಳೆಯ ಗಡಿಯಲ್ಲ. ಮನೆ ಕಟ್ಟುವ ಮುಂಚೆ ಆ ಮಟ್ಟ ನೋಡಲೇಬೇಕು, ಆದರೆ ಅದು ಬೇರೆ ಲೆಕ್ಕ. ಆಲಮಟ್ಟಿ ಹಿನ್ನೀರಿನಲ್ಲಂತೂ ದಂಡೆ ಹುಡುಕಿ ಪ್ರಯೋಜನವಿಲ್ಲ. ಈಗಿನ ಪೂರ್ಣ ಮಟ್ಟ 519.60 ಮೀಟರ್, ಅದು ಸಮುದ್ರ ಮಟ್ಟದಿಂದ ಲೆವೆಲ್ ಹಿಡಿದು ತರುವ ಗೆರೆ.

ಜೆಸಿಬಿ ಹಚ್ಚಿ ಹಳ್ಳ ಮುಚ್ಚಿದ್ದರೆ? ಒಂದು ಉದ್ದನೆಯ ಗುಂಡಿ ತೋಡಿಸಿ. ಮೇಲೆ ಎಷ್ಟೇ ಎರೆ ಮಣ್ಣು ಸುರಿದಿರಲಿ, ಕೆಳಗೆ ಮರಳು, ನುಣುಪಾದ ಹರಳು ಪದರ ಪದರವಾಗಿ ಸಿಕ್ಕರೆ ನೀರು ಹರಿದ ಜಾಗ ಅದು. ಮೇಲಿನ ರಸ್ತೆಯ ಸಿಡಿ (ನೀರು ದಾಟಲು ಕಟ್ಟಿದ ಮೋರಿ) ಎಷ್ಟು ಅಗಲ ಇದೆ ನೋಡಿದರೂ ಅಂದಾಜು ಸಿಗುತ್ತದೆ.

ತಲೆನೋವು ವಿಜಯಪುರ ಕಡೆಯ ಡೋಣಿ ಹೊಳೆಯದು. ಹೂಳು ತುಂಬಿ, ಎರೆ ದಂಡೆ ಕುಸಿದು, ಹೊಳೆ ಹೊರಳುತ್ತಲೇ ಇರುತ್ತದೆ. ನಕಾಶೆಯ ಗೆರೆ ಹೊರಳುವುದಿಲ್ಲ, ಅಲ್ವಾ? ಬಿಟ್ಟುಹೋದ ಪಾತ್ರದಲ್ಲಿ ಜೋಳ ಬಿತ್ತಿದ ಮಾತ್ರಕ್ಕೆ ದಾಖಲೆ ಬದಲಾಗುವುದಿಲ್ಲ, ಹೊಸ ಅಳತೆ ಮತ್ತು ಆದೇಶ ಬೇಕು.

ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿ ಕೊಡಲು, ಅರ್ಜಿ ಹಾಕುವಾಗ ಆಚೆ ದಂಡೆಯ ರೈತರ ಸರ್ವೆ ನಂಬರನ್ನೂ ಸುಮ್ನೆ ಬಿಡಬೇಡಿ, ಸೇರಿಸಿ. ಈಚೆ ದಂಡೆ ಒಂದನ್ನೇ ಅಳೆದರೆ ಹಳ್ಳದ ಅಗಲ ಸಿಗುವುದಿಲ್ಲ. ನೋಟಿಸು ಹೋಗದ ಆಚೆಯವರು ಮರುದಿನವೇ ತಕರಾರು ಹಾಕುತ್ತಾರೆ.